ಐವರ ನೆರಳಿನ ಬಣ್ಣ

ಅತ್ತೆ ಬಣ್ಣ ಹಾಕಿದ ಪುಸ್ತಕಕ್ಕೆ ಸೊಸೆ ವಿಮರ್ಶೆ ಬರೆಯುವ ಮನೆಯಲ್ಲಿ ಊಟ ತಿಂಡಿ ಹೇಗೆ ನಡೆಯುತ್ತದೆ ಎಂದು ಪತ್ರಿಕೆಯ ಕಚೇರಿಯಲ್ಲಿ ಎಲ್ಲರಿಗೂ ಕುತೂಹಲ. ಚೆನ್ನಾಗಿಯೇ ನಡೆಯುತ್ತಿತ್ತು. ಸೊಸೆ ತನಗೆ ತಾನೇ ಹಾಕಿಕೊಂಡಿದ್ದ ಒಂದು ಕಟ್ಟುಪಾಡು ಆ ಮನೆಯ ಶಾಂತಿಯನ್ನು ಕಾಯುತ್ತಿತ್ತು.

ಅವಳು ವಾರದ ಪುರವಣಿಯಲ್ಲಿ ಕಾಮಿಕ್ಸ್ ಪುಸ್ತಕಗಳ ಬಗ್ಗೆ ಅಂಕಣ ಬರೆಯುತ್ತಾಳೆ. ಬರವಣಿಗೆ ಹರಿತ, ಮುಲಾಜು ಕಡಿಮೆ. ಕಚೇರಿಯಲ್ಲಿ ಅವಳ ಅಡ್ಡಹೆಸರೇ ಕತ್ತರಿ. ಅವಳ ಅತ್ತೆ ‘ಆಚೆಕಡೆಯ ಆರು ಮಂದಿ’ ಎಂಬ ಮಾಸಿಕ ಕಾಮಿಕ್ಸ್‌ಗೆ ಮೊದಲ ಸಂಚಿಕೆಯಿಂದಲೂ ಬಣ್ಣ ಹಾಕುತ್ತ ಬಂದವರು. ಬೇರೆ ಬೇರೆ ಲೋಕಗಳಿಂದ ಬಂದು ಒಂದು ಪಡೆ ಕಟ್ಟಿಕೊಂಡ ಆರು ಜನ ಮಹಾಶೂರರ ಕಥೆ ಅದು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಹಲ್ಲಿನ ಡಾಕ್ಟರ ಬೆಂಚಿನ ಮೇಲೆ, ಎಲ್ಲಿ ನೋಡಿದರೂ ಅದೇ. ಅಂಥದ್ದನ್ನು ಕಾಮಿಕ್ಸ್ ಅಂಕಣದವಳು ಮುಟ್ಟುವುದೇ ಇಲ್ಲ ಎಂದರೆ ಓದುಗರು ನಕ್ಕಾರು. ಹಾಗಾಗಿ ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲೇ ಅವಳು ತೀರ್ಮಾನ ಮಾಡಿದ್ದಳು: ಕಥೆಯ ಬಗ್ಗೆ ಬರೆಯುತ್ತೇನೆ, ಚಿತ್ರದ ಬಗ್ಗೆ ಬರೆಯುತ್ತೇನೆ, ಬಣ್ಣದ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಹೊಗಳಿದರೆ ಅತ್ತೆಗೆ ಬೆಣ್ಣೆ ಹಚ್ಚಿದಳು ಅನ್ನುತ್ತಾರೆ. ತೆಗಳಿದರೆ ಮನೆಯ ಜಗಳ ಬೀದಿಗೆ ತಂದಳು ಅನ್ನುತ್ತಾರೆ. ಮನೆಯಲ್ಲಿ ಆಡಿದ ಮಾತು ಎಲ್ಲಿ ಅಂಕಣಕ್ಕೆ ನುಸುಳೀತೋ ಎಂದು ಮನೆಯೊಳಗೂ ಬಣ್ಣದ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು.

ಅತ್ತೆ ಒಪ್ಪಿದ್ದರು. ನ್ಯಾಯವಾದ ಮಾತು ಎಂದಿದ್ದರು. ಆದರೆ ಪುರವಣಿ ಬಂದ ಬೆಳಿಗ್ಗೆ ಮೊದಲು ಅದನ್ನು ಕೈಗೆತ್ತಿಕೊಳ್ಳುವವರು ಅವರೇ. ಕಿಟಕಿಯ ಪಕ್ಕ ನಿಂತು ಮೇಲಿಂದ ಕೆಳಗೆ ಓದಿ, ಮಡಿಚಿ, ಚೆನ್ನಾಗಿ ಬರೆದಿದ್ದೀಯ ಎಂದು ಒಳಗೆ ಹೋಗಿಬಿಡುವರು. ಇಲ್ಲದ್ದನ್ನು ಹುಡುಕಿ ಓದುವವರ ಓದು ಅದು ಎಂದು ಸೊಸೆಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದಳು. ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದ ಗಂಡನಂತೂ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡವರ ಪಾಡು ದಿನಾ ನೋಡಿದವನಾದ್ದರಿಂದ, ಇವರಿಬ್ಬರ ನಡುವೆ ತಲೆ ಹಾಕುತ್ತಿರಲಿಲ್ಲ.

ಈಗ ಆ ಆರು ಮಂದಿಯ ಕಥೆ ಮುಗಿಯಿತು. ಕೊನೆಯ ಸಂಚಿಕೆ ಅಂಗಡಿಗೆ ಬರುವ ಮುಂಚೆಯೇ ಒಂದು ಪ್ರತಿ ಅಂಕಣಕ್ಕೆಂದು ಅವಳ ಕೈಸೇರಿತು. ಪ್ರಕಾಶಕರು ಹೊಸ ಸರಣಿಗೂ ನೀವೇ ಬಣ್ಣ ಹಾಕಿ ಎಂದು ಅತ್ತೆಯನ್ನು ಕೇಳಿದ್ದರು; ಅತ್ತೆ ಆಗುವುದಿಲ್ಲ ಎಂದುಬಿಟ್ಟಿದ್ದರು. ಯಾಕಮ್ಮಾ ಎಂದು ಊಟದ ಹೊತ್ತಿಗೆ ಮಗ ಕೇಳಿದ.

“ಬಣ್ಣ ಯಾರು ನೋಡ್ತಾರೋ? ಕಥೆ ಓದ್ತಾರೆ, ಚಿತ್ರ ನೋಡ್ತಾರೆ, ಪುಟ ತಿರುಗಿಸ್ತಾರೆ. ಇಷ್ಟು ವರ್ಷ ಹಾಕಿದ್ದಾಯ್ತು, ಸಾಕು ಬಿಡು.”

ಯಾರನ್ನೂ ಚುಚ್ಚಲೆಂದು ಆಡಿದ ಮಾತಲ್ಲ ಅದು. ಸೊಸೆಗೆ ಮಾತ್ರ ಅದು ತನಗೇ ಹೇಳಿದ ಹಾಗೆ ಕೇಳಿಸಿತು. ಅವಳಿಗೆ ಅತ್ತೆಯೆಂದರೆ ಪ್ರೀತಿ. ಅವರು ಇಂಥ ಮಾತು ಹೇಳಿ ಕುಂಚ ಕೆಳಗಿಡುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಕೊನೆಯ ಸಂಚಿಕೆ ಹಿಡಿದು ಕೂತಳು. ಓದುತ್ತ ಓದುತ್ತ ಕೋಪ ಮೂಗಿನ ತುದಿಗೆ ಬಂತು. ಆಕಾಶದಲ್ಲೊಂದು ಬಿರುಕು, ಅದರಿಂದ ಬೇರೊಂದು ಬ್ರಹ್ಮಾಂಡ ಈ ಲೋಕಕ್ಕೆ ಸೋರುತ್ತಿದೆ. ಎಷ್ಟೋ ಸಂಚಿಕೆಗಳಿಂದ ಎಳೆದುಕೊಂಡು ಬಂದ ಈ ಬಿರುಕನ್ನು ಕಥೆಗಾರ ಮೂರೇ ಪುಟದಲ್ಲಿ ಹೊಲಿದು ಕೈತೊಳೆದುಕೊಂಡಿದ್ದ. ಒಳಗಿನಿಂದ ಒಬ್ಬರು ಮುಚ್ಚಬೇಕು, ಮುಚ್ಚಿದವರು ಈಚೆಯ ಲೋಕದಲ್ಲಿ ಯಾವತ್ತೂ ಇರಲೇ ಇಲ್ಲ ಎಂದಾಗಿಬಿಡುತ್ತದೆ. ಆರು ಮಂದಿಯಲ್ಲಿ ಅತಿ ಕಡಿಮೆ ಮಾತಿನ, ನೇರಳೆ ಅಂಗಿಯ ಮಬ್ಬ ಎಂಬವನು ಸದ್ದಿಲ್ಲದೆ ಒಳಗೆ ಹೋಗುತ್ತಾನೆ. ಬಿರುಕು ಮುಚ್ಚುತ್ತದೆ. ಕೊನೆಯ ಪುಟದಲ್ಲಿ ಉಳಿದ ಐವರು ಸಂಜೆ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ, ಕಿತ್ತುಹೋದ ಬೂಟಿನ ಬಗ್ಗೆ ಮಾತಾಡುತ್ತಾರೆ. ಆರನೆಯವನ ನೆನಪು ಯಾರಿಗೂ ಇಲ್ಲ. ಅಷ್ಟೇ, ಮುಗಿಯಿತು.

ಇದೆಂಥ ಕಲ್ಲೆದೆ ಎಂದು ಅವಳಿಗೆ ಅನ್ನಿಸಿತು. ಆ ಬಡಪಾಯಿಗೆ ಒಂದು ನಿಟ್ಟುಸಿರೂ ಇಲ್ಲವೇ? ವಿಮರ್ಶೆಯ ಮೊದಲ ಸಾಲು ಆಗಲೇ ತಲೆಯಲ್ಲಿ ತಯಾರಾಗಿತ್ತು, ಹರಿತವಾದದ್ದೇ. ಬರೆಯುವ ಮುಂಚೆ ಕೊನೆಯ ಪುಟವನ್ನು ಇನ್ನೊಮ್ಮೆ ನೋಡಿದಳು. ಆಗ ಕಣ್ಣಿಗೆ ಬಿತ್ತು. ಐವರ ನೆರಳುಗಳು ರಸ್ತೆಯ ಮೇಲೆ ಉದ್ದಕ್ಕೆ ಚಾಚಿದ್ದವು. ಆ ನೆರಳು ಬೂದು ಬಣ್ಣದ್ದಲ್ಲ, ನೇರಳೆ. ಮಬ್ಬನ ಅಂಗಿಯ ನೇರಳೆ.

ಅವಳಿಗೆ ಕಣ್ಣು ತುಂಬಿ ಬಂತು. ಐವರೂ ಅವನನ್ನು ಮರೆತಿದ್ದಾರೆ. ಅವನು ಮಾತ್ರ ಅವರ ಕಾಲ ಬುಡದಲ್ಲೇ ಇದ್ದಾನೆ. ಇಡೀ ಮುಕ್ತಾಯದಲ್ಲಿ ಜೀವವಿರುವುದು ಅಲ್ಲೊಂದೇ ಕಡೆ. ಬಣ್ಣ ಬಿಟ್ಟು ಬರೆದರೆ ಈ ಸಂಚಿಕೆ ಸೋತಿದೆ ಎಂದು ಬರೆಯಬೇಕು, ಅದು ಸುಳ್ಳು. ನಿಜ ಬರೆಯಬೇಕೆಂದರೆ ಕಟ್ಟುಪಾಡು ಮುರಿಯಬೇಕು. ಪುರವಣಿಯ ಸಂಪಾದಕರಿಗೆ ಫೋನ್ ಮಾಡಿ ಕೇಳಿದಳು. ಬಣ್ಣ ಯಾರದು, ಅವರು ನಿಮಗೇನಾಗಬೇಕು ಎಂದು ಬರೆದೇ ಮುಂದುವರಿಯಿರಿ, ಓದುಗರು ದಡ್ಡರಲ್ಲ ಎಂದರು ಅವರು. ಅವಳು ಒಂದೇ ಉಸಿರಿಗೆ ಬರೆದು ಮುಗಿಸಿದಳು.

ಬರೆದದ್ದನ್ನು ಅಚ್ಚಿಗೆ ಮುಂಚೆ ಅತ್ತೆಗೆ ತೋರಿಸಿದ್ದೇ ಇಲ್ಲ. ಈ ಸಲ ಹಾಳೆ ಹಿಡಿದು ಅವರ ಕೋಣೆಗೆ ಹೋದಳು. ಕಿಟಕಿಯ ಕೆಳಗೆ ಉದ್ದದ ಮೇಜು, ಅದರ ಮೇಲೆ ಶಾಯಿಯ ಬಾಟಲಿಗಳು, ಮೂಲೆ ಒಡೆದ ಬಿಳಿ ತಟ್ಟೆಗಳು, ಕುಂಚ ಒರೆಸಿ ಒರೆಸಿ ಮೂಲದ ಬಣ್ಣವೇ ಮರೆತುಹೋದ ಬಟ್ಟೆ. ಎಲ್ಲರೂ ಕಂಪ್ಯೂಟರಿಗೆ ಹೋದರೂ ಈ ಒಂದು ಕಾಮಿಕ್ಸ್ ಮಾತ್ರ ಕೈಯಿಂದಲೇ ಬಣ್ಣವಾಗುತ್ತಿತ್ತು. ಅತ್ತೆ ತಟ್ಟೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದರು. ಸೊಸೆ ಮುಕ್ಕಾಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಬಣ್ಣ ಹಾಕಿದವರು ನನ್ನ ಅತ್ತೆ ಎಂಬ ಸಾಲು ಬಂದಾಗ ಅವರ ಕೈ ನಿಂತಿತು. ನೆರಳಿನ ಮಾತು ಮುಗಿದಾಗ ಅವಳು ತಲೆಯೆತ್ತಿ ನೋಡಿದಳು. ಅತ್ತೆಯ ಮುಖದಲ್ಲಿ ಖುಷಿ ಇರಲಿಲ್ಲ.

“ನೇರಳೆನಾ?” ಎಂದರು ಅತ್ತೆ.

“ಹೌದು ಅತ್ತೆ. ಮಬ್ಬನ ನೇರಳೆ.”

“ಇಲ್ಲಮ್ಮ. ನಾನು ಹಾಕಿದ್ದು ಬೂದು.”

ಪುಸ್ತಕ ತರಿಸಿಕೊಂಡು ಕಿಟಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಮೆಲ್ಲಗೆ ಹೇಳಿದರು: ಮಬ್ಬ ಹೋದ ಮೇಲೆ ಅವನ ಬಣ್ಣ ಎಲ್ಲೂ ಕಾಣಬಾರದು ಎಂದು ಕಥೆಗಾರ ಖಡಾಖಂಡಿತವಾಗಿ ಹೇಳಿದ್ದನಂತೆ. ಅವರು ಆ ನೇರಳೆ ಬಾಟಲಿ ಮುಚ್ಚಿ ಒಳಗಿಟ್ಟೇಬಿಟ್ಟಿದ್ದರಂತೆ. ಸಂಜೆಯ ನೆರಳಿಗೆಂದು ಚೂರು ಕೆಂಪು ಸೇರಿಸಿ ಬೂದು ಕಲಸಲು ಹೊರಟರೆ ಅದು ಕಂದು ಹೊಡೆಯುತ್ತಿದೆ ಅನ್ನಿಸಿತು. ಒಂದು ಹನಿ ನೀಲಿ ಬಿಟ್ಟರು. ಮತ್ತೂ ಕಂದು. ಮತ್ತೂ ನೀಲಿ. ಕಣ್ಣಿಗೆ ಸರಿಯಾದ ಬೂದು ಅನ್ನಿಸುವವರೆಗೂ ಬಿಡುತ್ತಲೇ ಹೋದರು. ಪ್ರೂಫ್ ನೋಡಿದವರು ಬೇಕೆಂದೇ ಮಾಡಿದ್ದಾರೆ ಅಂದುಕೊಂಡಿರಬೇಕು, ಯಾರೂ ಕೇಳಲಿಲ್ಲ.

“ನನಗೆ ಇದು ಈಗಲೂ ಬೂದಾಗೇ ಕಾಣ್ತಿದೆ,” ಎಂದರು ಅತ್ತೆ.

ಸೊಸೆಗೆ ಆಗ ಅರ್ಥವಾಯಿತು. ಬಣ್ಣದವರಿಗೆ ಬಣ್ಣ ತಪ್ಪಿದೆ ಎಂದು ತಿಳಿಸಿದ್ದು ತನ್ನ ಹೊಗಳಿಕೆ. ಎಂದೋ ಸಿಗಬೇಕಾಗಿದ್ದ ಹೊಗಳಿಕೆ ಕೊನೆಗೂ ಬಂದರೆ ಹೀಗೆ ಬರಬೇಕೇ ಎಂದು ಅವಳಿಗೆ ಸಂಕಟವಾಯಿತು. ಹಾಳೆಯನ್ನು ಮಡಿಚಿ, ಇದನ್ನು ಕಳಿಸುವುದಿಲ್ಲ ಎಂದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸಂಚಿಕೆಗಳನ್ನೆಲ್ಲ ತಗೊಂಡು ಬಾ ಎಂದರು.

ಅವಳು ಕಟ್ಟುಗಟ್ಟಲೆ ಹೊತ್ತು ತಂದಳು. ಅತ್ತೆ ನೆಲದ ಮೇಲೇ ಕೂತರು. ಯಾವ ಸಂಚಿಕೆಯಿಂದ ಬಣ್ಣ ತಪ್ಪುತ್ತ ಬಂದಿದೆ ಹೇಳು, ನಿನ್ನ ಕಣ್ಣಿಗೆ ಮುಲಾಜಿಲ್ಲವಲ್ಲ ಎಂದರು. ಸೊಸೆ ಹಳೆಯದರಿಂದ ಶುರು ಮಾಡಿದಳು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಬಾಯಿಗೆ ಬರತೊಡಗಿತು. ಪಡೆಯ ನಾಯಕಿ ಕಿಡಿ ಮೊದಲ ಸಲ ಸೋತಾಗ ಅವಳ ಕಿತ್ತಳೆ ಬಣ್ಣ ಪುಟದಿಂದ ಪುಟಕ್ಕೆ ಆರುತ್ತ ಹೋದದ್ದು, ಆಗ ತಾನು ಬಸ್ಸಿನಲ್ಲೇ ಅತ್ತದ್ದು. ಮುಳುಗಿದ ನಗರದ ಸಂಚಿಕೆಯಲ್ಲಿ ನೀರಿಗೆ ನೀಲಿ ಹಾಕದೆ ಹಸಿರು ಹಾಕಿದ ಎದೆಗಾರಿಕೆ. ಒಂದು ಸಂಚಿಕೆಯಲ್ಲಿ ಎಲ್ಲರ ಮುಖವೂ ಬೇಯಿಸಿದ ಆಲೂಗೆಡ್ಡೆಯ ಹಾಗಿತ್ತು, ಅದನ್ನೂ ಹೇಳಿದಳು.

“ಆ ತಿಂಗಳು ನನಗೆ ಜ್ವರ,” ಎಂದು ಅತ್ತೆ ನಕ್ಕರು. “ನೋಡಿದ್ದೀಯಲ್ಲೇ ಎಲ್ಲಾನೂ.”

“ಒಂದು ಪುಟಾನೂ ಬಿಟ್ಟಿಲ್ಲ ಅತ್ತೆ.”

ಈಚಿನ ಸಂಚಿಕೆಗಳಿಗೆ ಬಂದಾಗ ಅವಳ ಮಾತು ನಿಧಾನವಾಯಿತು. ಚಂದ್ರನ ಮೇಲಿನ ಯುದ್ಧದ ಸಂಚಿಕೆಯಲ್ಲಿ ಬಂಡೆಗಳು ಯಾಕೋ ನೀಲಿಗೆ ತಿರುಗಿದ್ದವು. ಅದರ ಮುಂದಿನದರಲ್ಲಿ ಆಸ್ಪತ್ರೆಯ ಗೋಡೆಯೂ ಹಾಗೇ. ಆಗಲೇ ಅವಳು ಗಮನಿಸಿದ್ದಳು. ಬೂದು ಯಾಕೆ ಹೀಗೆ ಎಂದು ಒಂದು ಮಾತು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕಟ್ಟುಪಾಡು ನೆನಪಾಗಿ ನುಂಗಿಕೊಂಡಿದ್ದಳು. ಅಡುಗೆಮನೆಯಲ್ಲಿ ನಿಂತು ಆ ಒಂದು ಮಾತು ಕೇಳಿದ್ದರೆ ಅತ್ತೆ ಅಷ್ಟು ದಿನ ಹಾಗೆ ತಡಕಾಡಿಕೊಂಡು ಕೆಲಸ ಮಾಡಬೇಕಾಗಿರಲಿಲ್ಲ. ಅದನ್ನು ಅವಳು ಬಾಯಿಬಿಟ್ಟೇ ಹೇಳಿದಳು, ಹೇಳುತ್ತ ಅತ್ತಳು.

ಅತ್ತೆ ಅವಳ ಬೆನ್ನು ಸವರಿದರು. ನನಗೂ ಅನುಮಾನ ಇತ್ತು ಎಂದರು. ಬಣ್ಣ ಯಾರು ನೋಡುತ್ತಾರೆ ಎಂದು ಊಟದ ಹೊತ್ತಿಗೆ ಆಡಿದ ಮಾತು ಅರ್ಧ ಮಾತ್ರ ನಿಜ. ಇತ್ತೀಚೆಗೆ ತಟ್ಟೆಯಲ್ಲಿ ಕಲಸಿದ್ದು ಯಾವುದೂ ನಂಬಿಕೆಗೆ ಬರುತ್ತಿರಲಿಲ್ಲ, ಯಾರಿಗೂ ಗೊತ್ತಾಗುವ ಮುಂಚೆ ಮಾನವಾಗಿ ಬಿಟ್ಟುಬಿಡೋಣ ಎಂದಿದ್ದರಂತೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಮಾತ್ರ ಹೆದರಿಕೆ. ನಾಳೆಯೇ ಹೋಗೋಣ ಎಂದಳು ಸೊಸೆ. ಅವರು ಬೇಡ ಅನ್ನಲಿಲ್ಲ.

ಉಳಿದದ್ದು ವಿಮರ್ಶೆಯ ಮಾತು. ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳುವವಳಲ್ಲ ನಾನು ಎಂದು ಅತ್ತೆ ಹಟ ಹಿಡಿದರು. ಪುಟದ ಮೇಲೆ ಇರುವುದನ್ನು ಇಲ್ಲ ಎಂದು ಬರೆಯುವವಳಲ್ಲ ನಾನು ಎಂದಳು ಸೊಸೆ. ಇಬ್ಬರದೂ ಒಂದೇ ಜಾತಿಯ ಹಟ. ಕೊನೆಗೆ ಅವಳು ಜಾಣ್ಮೆ, ಸೂಕ್ಷ್ಮ, ಬೇಕೆಂದೇ ಮುಂತಾದ ಮಾತುಗಳನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಇಷ್ಟು: ಐವರೂ ಮಬ್ಬನನ್ನು ಮರೆತಿದ್ದಾರೆ. ಅವರ ನೆರಳು ನೇರಳೆ ಬಣ್ಣಕ್ಕಿದೆ. ಈ ಪುಸ್ತಕ ಮುಗಿಯುವುದು ಅಲ್ಲಿ, ಮಾತಿನಲ್ಲಲ್ಲ. ಬಣ್ಣ ಹಾಕಿದವರು ನನ್ನ ಅತ್ತೆ. ಇಷ್ಟು ವರ್ಷ ಈ ಅಂಕಣದಲ್ಲಿ ಇದರ ಬಣ್ಣದ ಮಾತು ಇರದಿದ್ದುದು ಅದಕ್ಕೇ, ಹಾಗೆ ಮಾಡಿದ್ದು ಸರಿಯಲ್ಲ. ಅತ್ತೆ ಎರಡು ಸಲ ಓದಿಸಿ ಕೇಳಿ, ಆಗಬಹುದು ಎಂದರು.

ಡಾಕ್ಟರು ನೋಡಿದವರೇ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ವಯಸ್ಸಾದ ಕಣ್ಣಿನ ಪೊರೆ ಹಳದಿಗಟ್ಟಿರುತ್ತದೆ, ಹಳದಿ ಗಾಜಿನ ಹಿಂದೆ ಕೂತು ಬಣ್ಣ ಹಾಕಿದ್ದೀರಿ ಎಂದು ನಕ್ಕರು. ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅತ್ತೆ ಚಪ್ಪಲಿ ಬಿಡುತ್ತಲೇ ಆ ಸಂಚಿಕೆ ಎಲ್ಲಿ ಎಂದು ಕೇಳಿದರು. ಸೊಸೆ ಕೊನೆಯ ಪುಟ ತೆರೆದು ಕೊಟ್ಟಳು. ಮಗನೂ ಬಂದು ಬಾಗಿಲಲ್ಲಿ ನಿಂತ. ಅತ್ತೆ ಕಿಟಕಿಯ ಪಕ್ಕ ನಿಂತು, ಹಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ಹೊಸ ಕಣ್ಣಿನಿಂದ ನೋಡಿದರು. ಬಹಳ ಹೊತ್ತು ನೋಡಿದರು.

“ಎಷ್ಟು ಗಾಢ ಆಗಿದೆ ನೋಡೇ ಇದು,” ಎಂದರು ಅತ್ತೆ. “ಇನ್ನೆರಡು ಹನಿ ನೀರು ಬೇಕಿತ್ತು. ಅದನ್ನ ಬರೀಬೇಕಿತ್ತು ನೀನು.”

“ಮುಂದಿನ ಸಲ ಬರೀತೀನಿ ಅತ್ತೆ.”

ಅತ್ತೆ ಪುಸ್ತಕ ಮಡಿಚಿ ಅವಳ ಕೈಗಿಟ್ಟರು. ಆಮೇಲೆ ಮೇಜಿನ ಕೆಳಗಿನ ಡಬ್ಬ ಎಳೆದು, ಪೇಪರು ಬಿಚ್ಚಿ, ತಟ್ಟೆಗಳನ್ನು ಒಂದೊಂದಾಗಿ ಮೇಲೆ ಜೋಡಿಸತೊಡಗಿದರು.