ಇಲ್ಲದ ನಾದಿನಿ

ಹಲ್ಲಿನ ಸೆಟ್ಟು ಮಾಡುವ ಆ ಕೋಣೆಯಲ್ಲಿ ಎಲ್ಲರೂ ಅವಳನ್ನು ಮೇಣ ಎಂದೇ ಕರೆಯುತ್ತಿದ್ದರು. ಪ್ಲಾಸ್ಟರಿನ ಅಚ್ಚಿನ ಮೇಲೆ ಮೇಣ ಕರಗಿಸಿ ಹಾಕಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಒಸಡಿನ ಉಬ್ಬುತಗ್ಗು ಕೊರೆಯುವುದು ಅವಳ ಕೆಲಸ. ಅವಳು ಕೊರೆದ ಒಸಡು ನೋಡಿದರೆ ಈಗ ತಾನೇ ಯಾರೋ ನಕ್ಕು ಬಾಯಿ ಮುಚ್ಚಿಕೊಂಡ ಹಾಗೆ ಕಾಣುತ್ತಿತ್ತು. ಕಾಗದಪತ್ರಗಳ ಪ್ರಕಾರ ಅವಳು ತಾಯಿಯ ಎರಡನೆಯ ಮಗ. ತೊಡುವುದು ಪ್ಯಾಂಟು, ಶರಟು. ಜನರ ಬಾಯಲ್ಲಿ 'ಅವನು'. ತಾನು ಅವನಲ್ಲ, ಅವಳು ಎನ್ನುವುದು ಬುದ್ಧಿ ಬಂದಾಗಿನಿಂದ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ನಾಲಿಗೆಯ ಹಿಂದೆಯೇ ಇಟ್ಟುಕೊಂಡು ಮೂವತ್ತು ದಾಟಿದ್ದಳು.

ಆವತ್ತು ಬಂದ ಅಚ್ಚಿನ ಜೊತೆಗಿದ್ದ ಚೀಟಿಯಲ್ಲಿ ಡಾಕ್ಟರು ಗಂಡಸೋ ಹೆಂಗಸೋ ಬರೆಯಲು ಮರೆತಿದ್ದರು. ಗಂಡಸಿಗಾದರೆ ಸ್ವಲ್ಪ ಚೌಕನೆಯ ಹಲ್ಲು, ಹೆಂಗಸಿಗಾದರೆ ಅಂಚು ದುಂಡಗಿರುವ ಹಲ್ಲು. ಅದು ಆ ಕೋಣೆಯ ಹಳೆಯ ಪದ್ಧತಿ.

"ಯಾವ ಹಲ್ಲು ಹಾಕಲಿ ಮೇಷ್ಟ್ರೇ?" ಎಂದು ಕೇಳಿದಳು.

ಕೆಲಸ ಕಲಿಸಿದ ಹಿರಿಯನನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಹಲ್ಲು ಉಜ್ಜುವ ಯಂತ್ರದ ಮುಂದೆ ಕೂತಿದ್ದವನು ಹಲ್ಲು ಕಿರಿದ. "ಮೇಣಾನೇ ಕೇಳಿ ಮೇಷ್ಟ್ರೇ. ಗಂಡಾದ್ರೂ ಸೈ, ಹೆಣ್ಣಾದ್ರೂ ಸೈ. ಸ್ವಲ್ಪ ಬಿಸಿ ಮಾಡಿದ್ರೆ ಎತ್ತ ಬೇಕಾದ್ರೂ ಬಗ್ಗುತ್ತೆ."

ಇಬ್ಬರು ಮೂವರು ನಕ್ಕರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ನಿನ್ನ ಮುಂದಿನ ಎರಡು ಹಲ್ಲು ನನ್ನ ಇಕ್ಕಳಕ್ಕೆ ಸರಿಯಾಗಿವೆ ಕಣೋ, ಬೇಕಾ?" ಎಂದರು. ಅವನು ಮತ್ತೆ ಯಂತ್ರ ಚಾಲೂ ಮಾಡಿದ. ಮೇಷ್ಟ್ರು ಅವಳ ಕಡೆ ನೋಡದೆಯೇ, "ಎರಡಕ್ಕೂ ನಡುವೆ ಇರೋ ಹಲ್ಲು ಹಾಕು. ಹಲ್ಲೆಲ್ಲಾ ಬಿದ್ದ ಮೇಲೆ ಗಂಡೇನು ಹೆಣ್ಣೇನು, ಅಗಿಯೋಕೆ ಬಂದ್ರೆ ಸಾಕು" ಎಂದು ಕೆಲಸಕ್ಕೆ ತಿರುಗಿದರು. ಅವರಿಗೆ ಏನಾದರೂ ಗೊತ್ತಿತ್ತೋ ಇಲ್ಲವೋ. ಅವರು ಕೇಳಿರಲಿಲ್ಲ. ಕೇಳದೆ ಇರುವುದರಲ್ಲೂ ಒಂದು ದಯೆ ಇರುತ್ತದೆ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಊಟದ ಬಿಡುವಿನಲ್ಲಿ ಫೋನು ಬಂತು. ಅವಳು ಪ್ಲಾಸ್ಟರಿನ ಚೀಲಗಳನ್ನು ಪೇರಿಸಿದ್ದ ಹಿಂದಿನ ಓಣಿಗೆ ಹೋದಳು.

ಕರೆ ಮಾಡಿದಾಕೆ ಒಂದು ಕಾಲೇಜಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಹೆಂಗಸು. ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ಬರೆಸಿದ್ದಕ್ಕೆ ಹೊಂದದವರು ಬಟ್ಟೆಯಲ್ಲಿ, ನಡಿಗೆಯಲ್ಲಿ, ದನಿಯಲ್ಲಿ ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಾರೆ, ಎಲ್ಲಿ ಬಚ್ಚಿಡುತ್ತಾರೆ, ಅದಕ್ಕೆ ಮನೆಯವರು ಏನೆನ್ನುತ್ತಾರೆ ಎಂದು ತಿಳಿದು ಬರೆಯುವುದು ಆಕೆಯ ಕೆಲಸ. ತನ್ನ ದನಿಯ ವಿಷಯಕ್ಕೆಂದು ಅವಳು ಯಾರಿಗೂ ಹೇಳದೆ ಗಂಟಲಿನ ಡಾಕ್ಟರ ಬಳಿ ಹೋಗಿದ್ದಾಗ ಅವರೇ ಒಪ್ಪಿಗೆ ಕೇಳಿ ಈಕೆಗೆ ನಂಬರು ಕೊಟ್ಟಿದ್ದರು.

"ಅವಸರ ಏನೂ ಇಲ್ಲಮ್ಮಾ, ಯೋಚನೆ ಮಾಡಿ ಹೇಳಿ," ಎಂದಿತು ಆ ಕಡೆಯ ದನಿ. "ಹೆಸರು ಎಲ್ಲೂ ಬರಲ್ಲ. ಆದ್ರೆ ಮನೆಯವರೊಬ್ಬರು ಜೊತೆಗೆ ಬಂದು ಮಾತಾಡಬೇಕು. ಈ ಸಂಶೋಧನೆ ಇರೋದೇ ಹಾಗೆ."

ಅಮ್ಮಾ ಎಂದಿದ್ದರು. ಅವಳು ಗೋಡೆಗೆ ಒರಗಿದಳು. ಹಿಂದೊಮ್ಮೆ ಜ್ವರ ನೆತ್ತಿಗೇರಿ ಆಸ್ಪತ್ರೆ ಸೇರಿದಾಗ ಗಂಡಸರ ವಾರ್ಡಿನವರು ಅವಳ ಹಾವಭಾವ ನೋಡಿ ನಕ್ಕು ಅತ್ತ ಕಳಿಸಿದ್ದರು, ಹೆಂಗಸರ ವಾರ್ಡಿನವರು ಕಾಗದ ನೋಡಿ ಇತ್ತ ಕಳಿಸಿದ್ದರು. ನಡುವಿನ ಓಣಿಯಲ್ಲಿ, ಗಾಲಿಮಂಚದ ಮೇಲೆ, ಜ್ವರ ತಾನಾಗಿ ಇಳಿದಿತ್ತು. ಅದನ್ನು ಯಾರಿಗಾದರೂ ಹೇಳಬೇಕು, ಹೇಳಿದ್ದನ್ನು ಅವರು ಬರೆದುಕೊಳ್ಳಬೇಕು ಎಂಬ ಆಸೆ ಅವಳಿಗೆ ಬಾಯಾರಿಕೆಯ ಹಾಗೆ ಇತ್ತು.

ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಮ್ಮ, ಅಣ್ಣ, ಅತ್ತಿಗೆ, ಅವಳು. ಅಣ್ಣ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಪಾರ್ಶ್ವವಾಯು ಬಡಿದು ಅಮ್ಮ ಬಲಮಗ್ಗುಲಿನ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರು, ಮಾತಿನ ದಾರವೂ ಗಂಟುಬಿದ್ದಿತ್ತು. ಗಂಡು ಹೆಣ್ಣಿನ ವ್ಯತ್ಯಾಸ ಅವರ ನಾಲಿಗೆಯಿಂದ ಜಾರಿಹೋಗಿತ್ತು. ಮೀಸೆ ಹೊತ್ತ ಹಿರಿಮಗನ ಬಗ್ಗೆ "ದೊಡ್ಡವಳು ಊಟ ಮಾಡಿದಳಾ?" ಎಂದು ಕೇಳುತ್ತಿದ್ದರು, ಸೊಸೆಯ ಬಗ್ಗೆ "ಎಲ್ಲಿ ಹೋದ?" ಎನ್ನುತ್ತಿದ್ದರು. ಎರಡನೆಯ ಮಗನನ್ನು ಮಾತ್ರ ಯಾವಾಗಲೂ "ಮಗಳೇ" ಎಂದೇ ಕರೆಯುತ್ತಿದ್ದರು. ಆ ಒಂದು ಮಾತಿಗಾಗಿ ಅವಳು ಹುಟ್ಟಿದಾಗಿನಿಂದ ಕಾದಿದ್ದಳು. ಈಗ ದಿನಕ್ಕೆ ಹತ್ತು ಸಲ ಸಿಗುತ್ತಿತ್ತು, ಆದರೆ ಕೊಟ್ಟದ್ದು ಅಮ್ಮನೋ ಕಾಯಿಲೆಯೋ ತಿಳಿಯುವ ಹಾಗಿರಲಿಲ್ಲ.

ಅಮ್ಮನ ಮಗ್ಗುಲು ಬದಲಿಸುವುದು, ಬೆನ್ನು ಒರೆಸಿ ಪುಡಿ ಹಚ್ಚುವುದು, ಗಂಜಿ ಗಂಟಲಿಗೆ ಸಿಕ್ಕದಂತೆ ಗಲ್ಲ ಹಿಡಿದು ಕುಡಿಸುವುದು, ಎಲ್ಲ ಅವಳದೇ. ಅಮ್ಮ ಬೇರೆ ಯಾರ ಕೈಯಿಂದಲೂ ಗಂಜಿ ನುಂಗುತ್ತಿರಲಿಲ್ಲ.

ಅತ್ತಿಗೆಗೆ ವಿಷಯ ಗೊತ್ತಿತ್ತು. ಹೇಗೆ ಗೊತ್ತಾಯಿತೆಂದು ಅವಳು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ಒಂದು ದಿನ ಬಡಗಿಯನ್ನು ಕರೆಸಿ ಬಚ್ಚಲುಮನೆಗೆ ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದ್ದಳು. "ಇಲಿ ಬರುತ್ತೆ," ಎಂದಿದ್ದಳು ಗಂಡನಿಗೆ. ಅಷ್ಟೇ. ಅಣ್ಣ ಮನೆಯಲ್ಲಿ ಇಲ್ಲದಾಗ ಅವಳ ಬಾಯಲ್ಲಿ 'ಬಾರೇ', 'ಹೌದೇನೇ'. ವ್ಯಾನಿನ ಹಾರ್ನು ತಿರುವಿನಲ್ಲಿ ಕೇಳಿತೋ, ಅದೇ ವಾಕ್ಯದ ನಡುವೆಯೇ 'ಬಾರೋ'. ಗಂಡ ಮನೆಯೊಳಗೆ ಬರುವ ಮೊದಲೇ ಆ 'ಏ' ಸೆರಗಿನೊಳಗೆ ಸೇರಿಬಿಡುತ್ತಿತ್ತು.

"ನಾನು ಬರ್ತೀನಿ ಕಣೇ," ಎಂದಳು ಅತ್ತಿಗೆ, ಎಲ್ಲ ಕೇಳಿ. ಇಬ್ಬರೂ ಸೇರಿ ಅಮ್ಮನ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದರು. "ನಾನೇನು ಮನೆಯವಳಲ್ವಾ?"

"ಅಣ್ಣನಿಗೆ ಗೊತ್ತಾದ್ರೆ?"

"ಬಾಯಿ ಬಿಟ್ರೆ ಬಣ್ಣಗೇಡು, ಗೊತ್ತು. ಯಾರು ಬಿಡ್ತಾರೆ ಬಾಯಿ? ತರಕಾರಿ ತರೋಕೆ ಹೋಗ್ತೀನಿ ಅಂತೀನಿ. ನಿಮ್ಮಣ್ಣ ಬದನೆಕಾಯಿಗೂ ಸೋರೆಕಾಯಿಗೂ ವ್ಯತ್ಯಾಸ ಕೇಳೋ ಗಂಡಸಲ್ಲ." ಅವಳು ಬಟ್ಟೆಯ ಸುಕ್ಕು ಎಳೆಯುತ್ತಾ ತಡೆದಳು. "ಆದ್ರೆ ಒಂದು ಕಷ್ಟ ಇದೆ. ನಿನ್ನ ಜೊತೆ ಮಾತಾಡೋಕೆ 'ನೀನು' ಅಂದ್ರಾಯ್ತು. ನಿನ್ನ ಬಗ್ಗೆ ಇನ್ನೊಬ್ರಿಗೆ ಹೇಳ್ಬೇಕಾದ್ರೆ ಏನನ್ಲಿ? ಮೈದುನ ಅನ್ನೋ ಹಾಗಿಲ್ಲ."

"ನಾದಿನಿ ಅನ್ನಬೇಕಾಗುತ್ತೆ."

"ನಾದಿನಿ," ಎಂದಳು ಅತ್ತಿಗೆ. ರುಚಿ ನೋಡುವವಳ ಹಾಗೆ ಇನ್ನೊಂದು ಸಲ ಅಂದಳು. ಆಮೇಲೆ ಕಿಸಕ್ಕನೆ ನಕ್ಕಳು. "ಮದುವೆಯಾಗಿ ಬಂದಾಗ ಎಲ್ರೂ ಏನಂದ್ರು ಗೊತ್ತಾ? ಪುಣ್ಯವಂತೆ ಕಣೇ ನೀನು, ನಾದಿನಿ ಕಾಟವಿಲ್ಲದ ಮನೆ ಅಂತ!"

ಇವಳೂ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯಿತು.

ಮರುದಿನ ಮಧ್ಯಾಹ್ನ ಅವಳು ಅಮ್ಮನಿಗೆ ಗಂಜಿ ಕುಡಿಸಲು ಮನೆಗೆ ಬಂದಿದ್ದಾಗ, ಅತ್ತಿಗೆ ಅಡುಗೆಮನೆಯಲ್ಲಿ ಆ ಸಂಶೋಧಕಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಯಾವಾಗ ಬರಬೇಕು, ಎಲ್ಲಿ ಬರಬೇಕು ಎಂದು ಕೇಳುತ್ತಿದ್ದಳು. ಕೊನೆಗೆ ಅತ್ತ ಕಡೆಯವರು ಏನೋ ಕೇಳಿರಬೇಕು, ಅತ್ತಿಗೆ ದನಿ ಏರಿಸಿ, ಸ್ವಲ್ಪ ಹೆಮ್ಮೆಯಿಂದಲೇ, "ಹೂಂ ಮೇಡಂ, ನಮ್ಮ ನಾದಿನಿಯೇ. ತುಂಬಾ ಒಳ್ಳೆಯವಳು" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ವ್ಯಾನಿನ ಟಯರು ಕೂತುಹೋಗಿ, ಅದನ್ನು ದಾರಿಯಲ್ಲೇ ಬಿಟ್ಟು ನಡೆದು ಬಂದಿದ್ದ. ಹಾರ್ನು ಕೇಳಿಸಿರಲೇ ಇಲ್ಲ.

"ಯಾರದು ನಾದಿನಿ?" ಎಂದ.

ಅತ್ತಿಗೆಯ ಕೈಯಲ್ಲಿ ಫೋನು ಹಾಗೇ ಇತ್ತು.

"ನನಗೆ ತಂಗಿ ಇಲ್ಲ. ಅಕ್ಕನೂ ಇಲ್ಲ. ನಿನಗೆಲ್ಲಿಂದ ಬಂದ್ಲು ನಾದಿನಿ?"

ಅತ್ತಿಗೆ ಒಂದು ಸುಳ್ಳು ಹೇಳಬಹುದಿತ್ತು. ಪಕ್ಕದ ಮನೆಯವಳ ನಾದಿನಿ ಎನ್ನಬಹುದಿತ್ತು. ಇಲಿಯ ಸುಳ್ಳನ್ನು ಅಷ್ಟು ಸುಲಭವಾಗಿ ಹೆಣೆದವಳಿಗೆ ಈ ಸಲ ಏನೂ ತೋಚಲಿಲ್ಲ. ಅವಳ ಕಣ್ಣು, ಅಮ್ಮನ ಹಾಸಿಗೆಯ ಪಕ್ಕ ಗಂಜಿಯ ಬಟ್ಟಲು ಹಿಡಿದು ಕೂತಿದ್ದವಳ ಕಡೆ ಹೊರಳಿತು. ಅಣ್ಣನ ಕಣ್ಣೂ ಅದರ ಹಿಂದೆಯೇ ಬಂತು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕುರ್ಚಿ ಎಳೆದು ಕೂತು, ಗ್ರೀಸು ಮೆತ್ತಿದ ಕೈಗಳನ್ನು ನೋಡಿಕೊಳ್ಳುತ್ತಾ ಎಲ್ಲವನ್ನೂ ಕೇಳಿ ತಿಳಿದುಕೊಂಡ. ಅರ್ಧ ಮೊದಲೇ ಗೊತ್ತಿದ್ದವನ ಹಾಗೆ ಇತ್ತು ಅವನ ಮುಖ.

"ನಾನು ಬೇರೆಯವರ ಮಕ್ಕಳನ್ನ ಕೂರಿಸ್ಕೊಂಡು ಹೋಗೋನು," ಎಂದ. "ಒಬ್ಬ ತಾಯಿ ಕಿವಿಗೆ ಬಿದ್ರೆ ಸಾಕು, ಮರುದಿನ ವ್ಯಾನು ಖಾಲಿ. ಆಮೇಲೆ ಅಮ್ಮನ ಔಷಧಿ ಎಲ್ಲಿಂದ ಬರುತ್ತೆ?"

"ಹೆಸರು ಎಲ್ಲೂ ಬರಲ್ವಂತೆ ಅಣ್ಣಾ."

"ಗಂಟಲ ಡಾಕ್ಟ್ರಿಗೆ ಗೊತ್ತು. ಆ ಹೆಂಗಸಿಗೆ ಗೊತ್ತು. ನನ್ನ ಹೆಂಡತಿಗೆ ಗೊತ್ತು. ಇನ್ನು ಯಾರಿಗೆ ಗೊತ್ತಾಗಬಾರದು ಅಂತ ಹೆಸರು ಮುಚ್ಚಿಡ್ತಾರೆ? ನನಗಾ?"

ಅಣ್ಣ ಎದ್ದು, "ನೀನು ಏನಾಗಿದ್ದೀಯೋ ನಾನು ಕೇಳಲ್ಲ. ಇಷ್ಟು ದಿನ ಕೇಳಿದ್ದೀನಾ? ಇಲ್ಲ. ಈ ಮನೇಲಿ ಇರೋವರೆಗೂ ನೀನು ನನ್ನ ತಮ್ಮ. ಹೋಗಿ ಮಾತಾಡಲೇಬೇಕು ಅಂದ್ರೆ ಹೋಗು, ತಡೆಯಲ್ಲ. ಆದ್ರೆ ಬಟ್ಟೆಬರೆ ಜೊತೇಲೇ ತಗೊಂಡು ಹೋಗು" ಎಂದ. ಆಮೇಲೆ ಕೈ ತೊಳೆಯಲು ಹೋದ. ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

"ಮಗಳೇ," ಎಂದರು ಅಮ್ಮ, ತುಟಿಯ ಓರೆಯಿಂದ ಗಂಜಿ ಇಳಿಯುತ್ತಿರಲು. "ಇವಳು ಯಾಕೆ ಬೈತಾಳೆ?"

ಇವಳು ಎಂದದ್ದು ಅಣ್ಣನಿಗೆ. ಅವಳು ಅಮ್ಮನ ಬಾಯಿ ಒರೆಸಿ, "ಬೈತಾ ಇಲ್ಲಮ್ಮ, ಟಯರು ಕೂತುಹೋಯ್ತಂತೆ" ಎಂದಳು.

ಆ ದಿನದಿಂದ ಅತ್ತಿಗೆಯ ಮಾತಿನಲ್ಲಿ 'ಏ' ನಿಂತುಹೋಯಿತು. ಅಣ್ಣ ಮನೆಯಲ್ಲಿ ಇಲ್ಲದಾಗಲೂ 'ಬಾರೋ', 'ಹೌದೇನೋ'. ಮೊದಲ ಸಲ ಹಾಗೆಂದಾಗ ಅತ್ತಿಗೆ ಮುಖ ತಿರುಗಿಸಿಕೊಂಡಿದ್ದಳು. ಇವಳು ಕೇಳಿಸದವಳಂತೆ ಇದ್ದುಬಿಟ್ಟಳು. ಒಬ್ಬಳು ತನ್ನ ಸಂಸಾರ ಉಳಿಸಿಕೊಳ್ಳಲು ಒಂದಕ್ಷರ ಬಿಟ್ಟಳೆಂದು ಅವಳ ಮೇಲೆ ಮುನಿಸಿಕೊಳ್ಳಲಾಗುತ್ತದೆಯೇ?

ಅತ್ತ ದರಿ, ಇತ್ತ ಪುಲಿ. ಹಲ್ಲು ಕೂರಿಸುವಾಗ, ಬಸ್ಸಿನಲ್ಲಿ ನಿಂತಿರುವಾಗ, ಅಮ್ಮನ ಬೆನ್ನು ತಿಕ್ಕುವಾಗ ಅವಳು ಅದನ್ನೇ ಯೋಚಿಸಿದಳು. ಹೋಗಿ ಮಾತಾಡಬಹುದು. ಎಲ್ಲಾದರೂ ಒಂದು ಕೋಣೆ ಹಿಡಿಯಬಹುದು, ಕೈಯಲ್ಲಿ ಕಸುಬಿದೆ. ಬೇಕಾದ ಬಟ್ಟೆ ತೊಡಬಹುದು. ಆದರೆ ಗಂಜಿ? ಒಂದು ಹೊತ್ತು ಬೇಕೆಂದೇ ಅತ್ತಿಗೆಯ ಕೈಯಲ್ಲಿ ಬಟ್ಟಲು ಕೊಟ್ಟು ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಅಮ್ಮ ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿದರು. ಅತ್ತಿಗೆ ಮುದ್ದಿಸಿದಳು, ಗದರಿದಳು, ಕೊನೆಗೆ ಕಣ್ಣೀರು ಹಾಕಿದಳು. ಗಂಜಿ ಆರಿ ಕೆನೆಗಟ್ಟಿತು.

ಅವಳು ಒಳಗೆ ಹೋಗಿ ಬಟ್ಟಲು ತೆಗೆದುಕೊಂಡಳು. ಯೋಚನೆ ಅಲ್ಲಿಗೆ ಮುಗಿಯಿತು.

ಆಗುವುದಿಲ್ಲವೆಂದು ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಅಮ್ಮಾ ಎಂದು ಕರೆದವರಿಗೆ ಮುಖ ಕೊಟ್ಟು ಹೇಳಬೇಕೆನ್ನಿಸಿ ಕಾಲೇಜಿಗೆ ಹೋದಳು. ಸಂಶೋಧಕಿಯ ಕೋಣೆ ಚಿಕ್ಕದು, ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ದನಿ ಹಿಡಿಯುವ ಪುಟ್ಟ ಯಂತ್ರ. ಆಕೆ ಅದನ್ನು ಕೂಡಲೇ ಡ್ರಾಯರಿನೊಳಗೆ ಇಟ್ಟು ಮುಚ್ಚಿದರು.

"ಆಗಲ್ಲ ಮೇಡಂ," ಎಂದಳು.

"ಸರಿ. ಕಾರಣ ಹೇಳಬೇಕಾಗಿಲ್ಲ."

"ನಿಮ್ಮ ಹತ್ರ ಯಾರು ಬಂದು ಮಾತಾಡ್ತಾರೆ?"

ಆಕೆ ಯೋಚಿಸಿ ನಿಧಾನವಾಗಿ ಹೇಳಿದರು. "ಮನೆಯವರು ಒಪ್ಪಿದವರು ಬರ್ತಾರೆ."

"ಹಾಗಾದ್ರೆ ನೀವು ಬರೆದದ್ದು ಓದಿದವರು, ಎಲ್ಲ ಮನೆಯವರೂ ಒಪ್ಪೇ ಒಪ್ತಾರೆ ಅಂದ್ಕೋತಾರೆ."

ಕುಟುಕಬೇಕೆಂದು ಅಂದದ್ದಲ್ಲ, ಹೊಳೆದದ್ದನ್ನು ಅಂದಿದ್ದಳು. ಆಕೆಯ ಮುಖ ಬಾಡಿತು. "ಅದು ನಿಜ," ಎಂದರು. "ಒಬ್ಬರೇ ಬರೋರನ್ನೂ ಸೇರಿಸೋಣ ಅಂತ ಕೇಳಿದ್ದೆ. ಮೇಲಿನವರು ಒಪ್ಪಲಿಲ್ಲ. ಜೋಡಿಯಾಗೇ ಬೇಕಂತೆ."

ಆಮೇಲೆ ಆಕೆ ಚಹಾ ತರಿಸಿದರು. ಆಸ್ಪತ್ರೆಯ ಓಣಿಯ ಮಾತು ಎರಡು ಸಲ ನಾಲಿಗೆಯ ತುದಿಗೆ ಬಂತು. ಹೇಳಿದರೆ ಆಕೆ ಕೇಳಿಸಿಕೊಳ್ಳುತ್ತಿದ್ದರು. ಬರೆದುಕೊಳ್ಳುವ ಹಾಗಿರಲಿಲ್ಲ. ಚಹಾದ ಜೊತೆ ನುಂಗಿದಳು. ಹೊರಡುವಾಗ ಆಕೆ ಬಾಗಿಲವರೆಗೆ ಬಂದು, "ಹುಷಾರಮ್ಮಾ, ಮೆಟ್ಟಿಲು ಒಡೆದಿದೆ" ಎಂದರು. ಅವಳು ಒಡೆದ ಮೆಟ್ಟಿಲನ್ನು ದಾಟಿ ಇಳಿದಳು.

ಅವಳು ಸಂಶೋಧನೆಗೆ ಮಾತಾಡಲಿಲ್ಲವೆಂದು ಅತ್ತಿಗೆಯಿಂದ ತಿಳಿದ ಸಂಜೆ ಅಣ್ಣ ಒಂದು ಪೊಟ್ಟಣ ತಂದು ಅವಳ ಹಾಸಿಗೆಯ ಮೇಲೆ ಇಟ್ಟ. ಒಳಗೆ ಹೊಸ ಶರಟು. ತಿಳಿ ನೀಲಿ, ನುಣುಪು ಬಟ್ಟೆ. ಅವಳಿಗೆ ಕತ್ತು ಬಿಗಿಯಾದರೆ ಆಗುವುದಿಲ್ಲವೆಂದು ನೆನಪಿಟ್ಟುಕೊಂಡು ಒಂದು ಅಳತೆ ದೊಡ್ಡದೇ ತಂದಿದ್ದ.

"ಒಳ್ಳೆ ಬಟ್ಟೆ ಕಣೋ," ಎಂದ ಅಣ್ಣ, ಬಾಗಿಲಲ್ಲೇ ನಿಂತು. "ಹಾಕ್ಕೊಂಡು ನೋಡು. ಸರಿಯಾಗದಿದ್ರೆ ಅಂಗಡಿಯವನು ಬದಲಾಯಿಸಿಕೊಡ್ತಾನೆ." ಅವನ ಕಣ್ಣಿನಲ್ಲಿ ನಿಜವಾದ ಅಕ್ಕರೆ ಇತ್ತು. ಅದನ್ನು ನೋಡಲಾರದೆ ಅವಳು ಶರಟನ್ನು ನೋಡಿದಳು.

"ಚೆನ್ನಾಗಿದೆ ಅಣ್ಣಾ."

ಅವನು ಹೋದ ಮೇಲೆ ಅತ್ತಿಗೆ ಬಂದು ಪಕ್ಕ ಕೂತಳು. ಶರಟಿನ ಮಡಿಕೆ ಬಿಚ್ಚಿ, ಚುಚ್ಚಬಾರದೆಂದು ಗುಂಡುಪಿನ್ನುಗಳನ್ನು ಹುಡುಕಿ ಹುಡುಕಿ ತೆಗೆದಳು. ತೋಳಿನಿಂದ, ಬೆನ್ನಿನಿಂದ, ಕಾಲರಿನ ಅಡಿಯಿಂದ. ತೆಗೆದದ್ದನ್ನೆಲ್ಲ ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಕೈಯಾಡಿಸಿ ಇನ್ನೊಂದು ಸಲ ನೋಡಿದಳು.

"ಇನ್ನಿಲ್ಲ," ಎಂದು ಶರಟು ಹಿಡಿದಳು. ಇವಳು ತೋಳು ತೂರಿಸಿದಳು.