ಎಡಗಿವಿಯ ನಾಲ್ಕನೆಯ ಗೆರೆ

ಮತ್ತೆ ಕೆಂಪಾಯಿತು ಪರದೆಯ ಮೇಲಿನ ಗೆರೆ, ಕೂದಲೆಳೆಯಷ್ಟು ಬಿರುಕು ಎಲ್ಲೋ ಉಳಿದಿದೆ, ನಾಲ್ಕು ಅಂಚುಗೆರೆಗಳ ತುದಿಗಳು ಒಂದನ್ನೊಂದು ಮುಟ್ಟುವವರೆಗೆ ಈ ಸಾಫ್ಟ್‌ವೇರ್ ನಡುವೆ ಕಿವಿಯ ಮೈ ಹೊದಿಸುವುದಿಲ್ಲ, ಹಟಮಾರಿ, ಅಮ್ಮನ ಹಾಗೆಯೇ — ಅಮ್ಮ ನಾನು ಮಾಡಿಕೊಟ್ಟ ಮೊದಲ ಕಿವಿಯನ್ನು ಕನ್ನಡಿಯೆದುರು ಅಂಟಿಸಿಕೊಂಡು ಎಷ್ಟೋ ಹೊತ್ತು ನೋಡಿ, ಚೆನ್ನಾಗಿದೆ ಕಣೇ, ಆದ್ರೆ ಇದು ಯಾರದ್ದು, ಎಂದಳು, ಡಬ್ಬಿಯಲ್ಲಿಟ್ಟು ಮುಚ್ಚಿದಳು. ಹದಿನಾಲ್ಕು ವರ್ಷದಿಂದ ಕೃತಕ ಕಿವಿ ಮೂಗು ಮಾಡುತ್ತಿರುವವಳು ನಾನು, ಎಲ್ಲರಿಗೂ ಮಾಡುವಂತೆ ಅಮ್ಮನಿಗೂ ಉಳಿದ ಬಲಗಿವಿಯನ್ನೇ ಮಗುಚಿ ಎಡಕ್ಕೆ ತಂದಿದ್ದೆ, ಅಳತೆ ಎಳ್ಳಷ್ಟೂ ತಪ್ಪಿರಲಿಲ್ಲ. ಗಡ್ಡೆಯ ಜೊತೆ ಕಿವಿಯನ್ನೂ ತೆಗೆದು ಎಂಟು ತಿಂಗಳು, ಅಮ್ಮ ಪದ್ಯ ಓದುವ ಗೆಳತಿಯರ ಗುಂಪಿಗೆ ಹೋಗಿಲ್ಲ, ಯಾರನ್ನೂ ಎಡಕ್ಕೆ ಕೂರಿಸಿಕೊಳ್ಳುವುದಿಲ್ಲ, ಈ ಎರಡನೇದೂ ಆಗದಿದ್ರೆ ಬಿಟ್ಬಿಡು, ಸ್ಕಾರ್ಫ್ ಇದ್ದೇ ಇದೆ, ಎಂದಿದ್ದಾಳೆ, ಮಧ್ಯಾಹ್ನ ಅಚ್ಚು ಹಾಕುವವನು ಬರುತ್ತಾನೆ, ಮೇಲಿನ ಗೆರೆ ಸರಿ, ಹಿಂದಿನದೂ ಹಳೆಯ ಫೋಟೊದಲ್ಲಿ ಕಾಣುತ್ತದೆ, ಒಳಗಿನದಕ್ಕೆ ಗಾಯದ ಅಂಚೇ ಸಾಕ್ಷಿ, ಕೆಳಗಿನದು, ಹಾಲೆಯದು, ಅಲ್ಲಿ ಮಾತ್ರ ಫೋಟೊದಲ್ಲೂ ಕೂದಲು ಬಿದ್ದಿದೆ, ಅದಕ್ಕೇ ಬಲಗಿವಿಯದನ್ನು ತಂದಿಟ್ಟೆ, ಕೂಡುತ್ತಿಲ್ಲ. ಬೆಳಿಗ್ಗೆ ಫೋನಿನಲ್ಲಿ ಕೇಳಿದೆ, ನಿನ್ನ ಎಡಗಿವಿಯ ಹಾಲೆ ಹೇಗಿತ್ತಮ್ಮ. ನಕ್ಕಳು, ಎಷ್ಟು ದಿನವಾಗಿತ್ತು ಆ ನಗು ಕೇಳಿ — ನನ್ನನ್ನ ಕೇಳ್ತೀಯಾ, ಎಳೆದೂ ಎಳೆದೂ ಉದ್ದ ಮಾಡಿದೋಳು ನೀನು, ಚಿಕ್ಕೋಳಿದ್ದಾಗ ಪದ್ಯ ಕೇಳ್ತಾ ಕೇಳ್ತಾ ಅದನ್ನೇ ಹಿಡ್ಕೊಂಡು ಮಲಗ್ಬಿಡ್ತಿದ್ದೆ, ಬಿಡಿಸಿದ್ರೆ ಎಚ್ಚರ ಆಗ್ತೀಯ ಅಂತ ನಾನು ಕತ್ತು ವಾಲಿಸ್ಕೊಂಡೇ ಕೂತಿರ್ತಿದ್ದೆ.

ಆ ಮುಷ್ಟಿ, ಹೌದು, ಬೆರಳ ನಡುವೆ ಬೆಚ್ಚಗೆ ಮೆತ್ತಗೆ ಒಂದು ತುಣುಕು ಅಮ್ಮ, ಸಾಲುಗಳು ಅದರ ಮೂಲಕವೇ ಇಳಿದು ಬರುತ್ತಿದ್ದವೇನೋ, ಉಸಿರು ನಿಂತಲ್ಲಿ ಪದ್ಯ ಮುಗಿಯುತ್ತದೆ, ಮತ್ತೆ ಎತ್ತಿಕೊಳ್ಳುತ್ತಾಳೆ, ನಾನು ಬಿಡುವುದಿಲ್ಲ — ಮೌಸ್ ಬಿಟ್ಟು ಕಣ್ಣು ಮುಚ್ಚುತ್ತೇನೆ, ಹೆಬ್ಬೆರಳು ತೋರುಬೆರಳು ತಾವಾಗಿಯೇ ಹತ್ತಿರವಾಗುತ್ತವೆ, ಇಷ್ಟು ದಪ್ಪ, ಇಷ್ಟು ಉದ್ದ, ತುದಿ ಕೊಂಚ ಹೊರಕ್ಕೆ, ಗೆರೆಯನ್ನು ಕೆಳಗೆ ಎಳೆಯುತ್ತೇನೆ, ಬಲಕ್ಕಿಂತ ನಾಲ್ಕು ಮಿಲಿಮೀಟರ್ ಹೆಚ್ಚು, ಚಂದವಲ್ಲ, ಜೋಡಿಯಲ್ಲ, ಹಿಂದಿನ ಗೆರೆಯ ತುದಿ ಅಲ್ಲೇ ಕಾಯುತ್ತಿತ್ತು, ತಾಗಿತು, ನಾಲ್ಕರ ನಡುವೆ ಮೈ ಹರಡಿಕೊಂಡಿತು, ಒಂದು ಸುಕ್ಕೂ ಇಲ್ಲ. ಚಿತ್ರ ಕಳಿಸಿದೆ. ಅಮ್ಮ ಫೋನ್ ಮಾಡಿದಳು, ಕಿವಿಯ ಮಾತೇ ಇಲ್ಲ, ಗೆಳತಿಯರು ಸೇರೋದು ಈಗಲೂ ಗುರುವಾರಾನೇನಾ, ಸ್ವಲ್ಪ ವಿಚಾರಿಸ್ತೀಯಾ, ಎಂದಳು, ಹೂಂ ಎಂದೆನೋ ಇಲ್ಲವೋ, ಪರದೆಯ ಮೇಲೆ ಕಿವಿ ನಿಧಾನ ತಿರುಗುತ್ತಿದೆ, ವಾಲಿದ ಕತ್ತು, ನಿದ್ದೆಯಲ್ಲೂ ಸಡಿಲಿಸದ ಮುಷ್ಟಿ, ಎಷ್ಟು ನೋಯುತ್ತಿತ್ತೋ, ಆ ಮುಷ್ಟಿ