ಸಮುದ್ರಕ್ಕೆ ಬೆನ್ನು

“ಮಾವ, ಆ ಕಡೆ ತಿರುಗಿ ನಿಂತ್ಕೊಳ್ಳಿ,” ಎಂದಳು ಸೊಸೆ.

ಮಾವ ತಿರುಗಲಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ಕಾಲು ಅಗಲಿಸಿ, ಸಮುದ್ರಕ್ಕೆ ಎದುರಾಗಿ ನಿಂತು ಬಲಗೈ ಎತ್ತಿದ್ದರು. ಅಲೆಗಳು ಒಡೆಯುವ ಗೆರೆಯಾಚೆ ಹೊಸ ಫೈಬರ್ ಬೋಟು ಇಂಜಿನ್ ಸಣ್ಣಗೆ ಮಾಡಿಕೊಂಡು ತೊನೆಯುತ್ತಿತ್ತು. ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕೂತಿದ್ದವನು ಅವಳ ಗಂಡ.

ಇಲ್ಲಿ ದಡದ ಒಂದು ಮಗ್ಗುಲು ಮರಳು, ಇನ್ನೊಂದು ಮಗ್ಗುಲು ನೀರಿನಡಿಯ ಕಲ್ಲು. ಚುಕ್ಕಾಣಿಯವನು ತಗ್ಗಿನಲ್ಲಿ ಕೂತಿರುತ್ತಾನೆ. ಬೋಟಿನ ಎದ್ದ ಮೂತಿಯಾಚೆ ಅವನಿಗೆ ದಡದ ಜನ ಕಾಣುತ್ತಾರೆ, ಕಲ್ಲು ಕಾಣುವುದಿಲ್ಲ. ಅದಕ್ಕೇ ದಡದಲ್ಲೊಬ್ಬರು ನಿಂತು ಕೈ ತೋರಿಸಬೇಕು. ತೋರಿಸುವವರು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುವುದು ರೂಢಿ. ಆಗ ಅವರ ಬಲವೂ ಬೋಟಿನವನ ಬಲವೂ ಒಂದೇ; ಯೋಚಿಸುತ್ತ ಕೂರಬೇಕಿಲ್ಲ. ಬೆನ್ನು ಹಾಕಿದವರಿಗೆ ಅಲೆ ಕಾಣದಲ್ಲ, ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ನಿಂತು ಅಲೆ ನೋಡಿ ಹೇಳುತ್ತಾರೆ. ಮೀಸೆ ಮೂಡಿದಾಗಿನಿಂದ ಮಾವನ ಕೆಲಸ ಬೆನ್ನು ಹಾಕಿ ನಿಲ್ಲುವುದು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಕೆಲಸ ಅಲೆ ಹೇಳುವುದು.

ಹಳೆಯ ಮರದ ದೋಣಿಯಾಗಿದ್ದರೆ ಚಿಂತೆ ಇರಲಿಲ್ಲ. ಅದು ಕಲ್ಲಿಗೆ ಬಡಿದರೂ ಹಲಗೆ ಬದಲಿಸಿ, ಸಂದಿಗೆ ನಾರು ತುಂಬಿದರೆ ಮತ್ತೆ ನೀರಿಗಿಳಿಯುತ್ತಿತ್ತು. ಫೈಬರ್ ಹಾಗಲ್ಲ. ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಒಳಪದರ ಎಷ್ಟು ಬಿಟ್ಟಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ನೀರು ಮೆಲ್ಲಗೆ ಒಳಸೇರಿ ಕೂರುತ್ತದೆ. ಅಲೆಯ ಮೇಲೆ ಹತ್ತಿ ಬರಬಾರದು, ಅಲೆಯ ಬೆನ್ನ ಹಿಂದೆ ಬರಬೇಕು. ಆಳ ಕಡಿಮೆಯಾಗುವ ಮೊದಲೇ ಇಂಜಿನ್ ಆರಿಸಿ ಮೇಲೆತ್ತಬೇಕು. ಮರಳು ತಾಗುವ ಮುಂಚೆ ಇಳಿದು ಕೈಯಲ್ಲಿ ಹಿಡಿಯಬೇಕು. ಎಳೆಯಬಾರದು, ತೇಲಿಸಬೇಕು.

ಇದಿಷ್ಟೂ ಮಾವನಿಗೆ ಗೊತ್ತು. ಆದರೆ ಹೋದ ವಾರ ಅವರು ಹರಿದ ಬಲೆಯನ್ನು ಅಚ್ಚುಕಟ್ಟಾಗಿ ಹೆಣೆದು, ಊಟ ಮಾಡಿ ಬಂದು ಕೂತು, ಹೆಣೆದದ್ದನ್ನೆಲ್ಲ ಬಿಚ್ಚಿದ್ದರು. ಯಾಕೆ ಅಂದರೆ ನಕ್ಕರು. “ಅಪ್ಪಂದು ಇನ್ನೊಂದು ಎಡವಟ್ಟಾದ್ರೆ ದಡಕ್ಕೆ ಬರೋದೇ ಬೇಡ, ಮನೇಲಿ ಇರ್ಲಿ,” ಎಂದು ಗಂಡ ಅವಳ ಹತ್ತಿರ ಹೇಳಿದ್ದ. ದಡ ತಪ್ಪಿದರೆ ಮಾವನಿಗೆ ಮನೆಯಲ್ಲಿ ಏನಿದೆ ಎಂದು ಅವಳಿಗೆ ತೋಚಿರಲಿಲ್ಲ.

ಈಗ ಅವರ ಎತ್ತಿದ ಬಲಗೈ ಕಲ್ಲಿನ ಕಡೆ ಇತ್ತು.

“ಮಾವ, ಅದು ಕಲ್ಲಿನ ಕಡೆ!”

“ಬಲಕ್ಕೆ ಕಣಮ್ಮ. ಬಲಕ್ಕೆ ಬರ್ಬೇಕು ಅವನು.”

“ಬಲಕ್ಕೇ ಬರ್ಬೇಕು, ನೀವು ತಿರುಗಿ ನಿಂತಿದ್ದೀರಲ್ಲ!”

“ನಾನ್ಯಾಕೆ ತಿರುಗ್ಲಿ? ನೆಟ್ಟಗೇ ನಿಂತಿದ್ದೀನಿ.”

ಹೊರಗೆ ಇಂಜಿನ್ನಿನ ಸದ್ದು ಏರಿತು. ದೊಡ್ಡ ಅಲೆಗಳು ಮುಗಿದು ಬಿಡುವು ಬಂದಿತ್ತು. ಹೇಳಬೇಕಾದ ಅವಳೇ ಹೇಳುವುದನ್ನು ಮರೆತಿದ್ದಳು. ಮಾವನ ಕೈ ಹಿಡಿದು ಇಳಿಸಲೇ? ಇಳಿಸಿದರೆ ದಡದ ಮೇಲಿನವರೆಲ್ಲ ನೋಡುತ್ತಾರೆ. ಕೂಗಿದರೆ ಆ ಸದ್ದಿನಲ್ಲಿ ಕೇಳಿಸುವುದಿಲ್ಲ. ಸೀರೆ ಎತ್ತಿ ಕಟ್ಟಿ ಅವಳು ನೀರಿಗೆ ನುಗ್ಗಿದಳು, ಮಾವನ ಮುಂದೆ ಹೋಗಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತಳು, ಬಲಗೈ ಎತ್ತಿದಳು.

ಎದುರುಬದುರಾಗಿ ಇಬ್ಬರು. ಇಬ್ಬರದೂ ಬಲಗೈ. ಒಂದು ಕಲ್ಲಿಗೆ, ಒಂದು ಮರಳಿಗೆ.

“ಬಲಗೈ ಎತ್ತು ಅಂದ್ರೆ ಎಡಗೈ ಎತ್ತಿದ್ದೀಯಲ್ಲೇ!” ಎಂದು ಮಾವ ಗದರಿದರು.

“ಬಲಗೈನೇ ಮಾವ!”

“ಊಟ ಮಾಡೋ ಕೈ!”

“ಊಟ ಮಾಡೋ ಕೈನೇ!”

ಹೇಳುವಾಗಲೇ ಅವಳಿಗೆ ಅನುಮಾನ ಹತ್ತಿತು. ತನ್ನ ಕೈಯನ್ನೇ ನೋಡಿಕೊಂಡಳು. ಬಳೆ, ಸುಟ್ಟ ಕಲೆ, ಬಲಗೈ ಹೌದು. ಆದರೆ ಮಾವನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಷ್ಟು ಕಾಲ ತಪ್ಪದವರು ಇವರು. ಮರಳು ಎಲ್ಲಿತ್ತು, ಕಲ್ಲು ಎಲ್ಲಿತ್ತು? ತಿರುಗಿ ನೋಡಿಬಿಡಬಹುದಿತ್ತು. ತಿರುಗಿದರೆ ಕೈಯೂ ತಿರುಗುತ್ತದೆ. ತಿರುಗಲಿಲ್ಲ.

ಬೆನ್ನ ಹಿಂದೆ ಇಂಜಿನ್ ಹತ್ತಿರವಾಯಿತು. ಅವಳಿಗೆ ಕಾಣುತ್ತಿದ್ದುದು ಮಾವನ ಮುಖ ಮಾತ್ರ. ಅದರಲ್ಲಿ ಮೊದಲು ಸಿಟ್ಟಿತ್ತು. ಆಮೇಲೆ ಸಿಟ್ಟು ಎಲ್ಲಿ ಹೋಯಿತೋ, ಬಾಯಿ ಸ್ವಲ್ಪ ತೆರೆದುಕೊಂಡಿತು, ಕಣ್ಣು ಅರಳಿತು. ಅದು ಭಯವೋ ಸಂತೋಷವೋ ಅವಳಿಗೆ ಗೊತ್ತಾಗಲಿಲ್ಲ. ಎತ್ತಿದ ಕೈ ಮಾತ್ರ ಹಾಗೇ ಇತ್ತು. ಇಂಜಿನ್ ನಿಂತಿತು. ಮೇಲೆತ್ತಿದ ಟಕ್ ಸದ್ದು. ಯಾರೋ ನೀರಿಗೆ ಧುಮುಕಿದರು. ಅವಳು ಕಣ್ಣು ಮುಚ್ಚಿ, ಬಡಿಯುವ ಸದ್ದಿಗೆ ಕಾದಳು.

ಸುಯ್ ಎಂದು ಮರಳು ಸವರಿದ ಸದ್ದು ಬಂತು.

“ಹಿಡೀರಪ್ಪೋ, ದಿಮ್ಮಿ ತನ್ನಿ!” ಎಂದು ಕೂಗಿದವನು ಕಡ್ಡಿ. ಬೋಟಿನ ಇನ್ನೊಬ್ಬ ಆಳು. ದಡೂತಿ ಮನುಷ್ಯ, ಅದಕ್ಕೇ ಆ ಹೆಸರು. ಮೀನಿನ ಬುಟ್ಟಿ, ಬಲೆ, ಐಸಿನ ಪೆಟ್ಟಿಗೆ ಇಳಿಸಿ ಹಗುರ ಮಾಡಿದರು. ಒದ್ದೆ ಮಾಡಿದ ದುಂಡು ದಿಮ್ಮಿಗಳನ್ನು ಮೂತಿಯಡಿ ಕೊಟ್ಟು, ಪ್ರತಿ ಅಲೆ ಎತ್ತಿಕೊಟ್ಟಾಗಲೂ ಒಂದಿಷ್ಟು ಮೇಲೆ ತಳ್ಳಿದರು.

“ಏನದು, ಮಾವ ಸೊಸೆ ಕೋಲಾಟ ಆಡ್ತಿದ್ರಿ?” ಎಂದ ಕಡ್ಡಿ.

ಗಂಡ ನಗಲಿಲ್ಲ. ಬುಟ್ಟಿ ಕೊಡುವ ನೆಪದಲ್ಲಿ ಅವಳ ಹತ್ತಿರ ಬಂದ. “ಏನಾಯ್ತೇ?”

“ನೀವು ಯಾರ ಕೈ ನೋಡ್ಕೊಂಡು ಬಂದ್ರಿ?”

“ಅಪ್ಪಂದು.”

“ಅವರು ಕಲ್ಲಿನ ಕಡೆ ತೋರಿಸ್ತಿದ್ರು.”

ಅವನು ಹಣೆ ನೆರಿಗೆ ಮಾಡಿಕೊಂಡ. “ಎದುರು ಬಿಸಿಲು. ಎರಡು ಕೈ ಕಂಡ್ವು. ಯಾರದ್ದು ಯಾವುದು ಅಂತ… ನಿಂದೇ ಅಪ್ಪಂದು ಅಂದ್ಕೊಂಡ್ನೋ ಏನೋ.” ಆಮೇಲೆ ದನಿ ತಗ್ಗಿಸಿದ. “ಮರ್ತಿದ್ರಾ?”

ಮಾವ ಹತ್ತಿರವೇ ದಿಮ್ಮಿ ಸರಿಸುತ್ತಿದ್ದರು. ತಲೆ ಎತ್ತದೆ ಅಂದರು: “ಬೋಟು ಬರೋದನ್ನ ನಾನು ಯಾವತ್ತೂ ನೋಡಿರ್ಲಿಲ್ಲಪ್ಪ.”

ಗಂಡ ಅವಳ ಮುಖ ನೋಡಿದ, ಅವಳು ಅವನದು. ಮಾವ ಹೇಳಿದ್ದು ನಿಜ. ಬೆನ್ನು ಹಾಕಿ ನಿಂತವರು ನೋಡುವುದಾದರೂ ಹೇಗೆ? ನೋಡಬೇಕೆಂದೇ ತಿರುಗಿದರೋ, ಮರೆತು ತಿರುಗಿ ಈಗ ಹೀಗೆ ಹೇಳುತ್ತಿದ್ದಾರೋ? ಆಸೆಯಿಂದ ತಿರುಗಿದ್ದರೆ ಕೈ ಬದಲಿಸುವುದು ಅವರಿಗೆ ಹೊಳೆಯಬೇಕಿತ್ತಲ್ಲ?

“ಚೆನ್ನಾಗಿ ಬಂತಾ ಅಪ್ಪ?” ಎಂದ ಗಂಡ ಕೊನೆಗೆ.

“ಬಂತು,” ಎಂದರು ಮಾವ. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಮೂತಿಯ ಬಳಿ ಮೊಣಕಾಲೂರಿ ಕೂತು, ದಿಮ್ಮಿಗಳ ಮೇಲೆ ಏರಿದ್ದ ಬೋಟಿನ ತಳಕ್ಕೆ ಅಂಗೈ ಇಟ್ಟರು. ನಡುವೆ ಉಬ್ಬಿದ ಏಣಿನ ಗುಂಟ ಮೆಲ್ಲಗೆ ಸವರುತ್ತ ಹಿಂಬದಿಯವರೆಗೂ ಹೋದರು. ಏನೂ ಸಿಗಲಿಲ್ಲ. ಮತ್ತೆ ಮೂತಿಗೆ ಬಂದು ಮೊದಲಿನಿಂದ ಸುರುಮಾಡಿದರು. ಮರಳಿನಿಂದ ಒರೆಸಿ ನೋಡಿದರು, ಉಗುರಿನಿಂದ ತಟ್ಟಿ ಕಿವಿಗೊಟ್ಟರು.

“ಏನ್ ಹುಡುಕ್ತಿದ್ದೀರಿ ಮಾವ?”

“ಎಲ್ಲೋ ತಾಗಿರ್ಬೇಕು ಕಣಮ್ಮ,” ಎಂದರು. ಬೇರೆ ಯಾರಿಗೂ ಕೇಳಿಸದ ದನಿ. “ತಾಗದೆ ಇರೋಕೆ ಸಾಧ್ಯ ಇಲ್ಲ.”

ಗಂಡ ಬುಟ್ಟಿ ಹೊತ್ತು ಮೇಲೆ ಹೋಗುತ್ತಿದ್ದ. “ನಾಳೆ ಬೆಳಿಗ್ಗೆ ಯಾರು ನಿಲ್ತಾರೆ ಅಂತ ನೀನೇ ಹೇಳು,” ಎಂದು ತಿರುಗದೆ ಕೂಗಿದ.

ಅವಳು ಹಿಂಬದಿಗೆ ಹೋಗಿ ಮರಳಿನಲ್ಲಿ ಕೂತು, ಒದ್ದೆ ತಳದ ಮೇಲೆ ತನ್ನ ಅಂಗೈಯನ್ನೂ ಇಟ್ಟು, ಆ ತುದಿಯಿಂದ ಬರುತ್ತಿದ್ದ ಮಾವನ ಕೈಯ ಕಡೆಗೆ ಅಂಗುಲ ಅಂಗುಲವಾಗಿ ಸವರತೊಡಗಿದಳು.